ಹಡಗಿನ ಮೈಮೇಲಿನ ಹಚ್ಚೆ

ಪುಣೆಗೆ ಸಮುದ್ರವಿಲ್ಲ ಎಂಬ ಮಾತನ್ನು ನಮ್ಮ ಬಾಯಾರ ಎದುರಿಗೆ ಯಾರೂ ಆಡುವ ಹಾಗಿರಲಿಲ್ಲ. "ಇಲ್ಲಂದ್ರ ಏನಾತು? ಹೊಲಾ ಇಲ್ಲದವರು ರೊಟ್ಟಿ ತಿನ್ನೂದಿಲ್ಲೇನು?" ಅಂತ ಒಂದೇ ಏಟಿಗೆ ಬಾಯಿ ಮುಚ್ಚಿಸುತ್ತಿದ್ದರು. ಮುಚ್ಚಿಸುವ ಹಕ್ಕೂ ಅವರಿಗಿತ್ತು. ಪಿಂಪ್ರಿ-ಚಿಂಚವಾಡದ ಲಾರಿ ಅಡ್ಡೆಯೊಂದರಲ್ಲಿ, ತಗಡಿನ ಸೂರಿನಡಿ ಕೂತು, ಕೊಲ್ಲಿ ದೇಶದ ಬಂದರಿನಲ್ಲಿ ನಿಂತಿದ್ದ ಹಡಗಿಗೆ ತಾತ್ಕಾಲಿಕ ನೋಂದಣಿ ಪತ್ರ ಮಾಡಿಸಿದ ಹೆಣ್ಣುಮಗಳು ಅವರು. ಇಂಥವರು ಇನ್ನೊಬ್ಬರಿದ್ದರೆ ತೋರಿಸಿ, ಅವರ ಕಾಲಿಗೂ ಬೀಳುತ್ತೇನೆ.

ಹೋದ ಶ್ರಾವಣದಲ್ಲಿ ಬಾಯಾರು ತೀರಿಕೊಂಡರು. ಯೆರವಡಾದ ಅವರ ಖೋಲಿಯ ಮುಂದೆ ಸೇರಿದ ಡ್ರೈವರುಗಳು ಅಳುವುದು ಬಿಟ್ಟು, ತಾವು ತಿಂದ ಬೈಗುಳಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಅಕ್ಕಪಕ್ಕದವರಿಗೆ ಸಿಟ್ಟು ಬಂದಿರಬೇಕು. ಬರಲಿ ಬಿಡಿ. ನಾನೂ ನಕ್ಕೆ. ಅಳು ಬಂದದ್ದು ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ. ಅವರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಅವರದೇ ಅಪ್ಪಣೆ, ಕಾರಣ ಮುಂದೆ ಬರುತ್ತದೆ. ಮರಾಠಿ ರೀತಿಯಲ್ಲಿ ಅಡ್ಡೆಯ ಎಲ್ಲರಿಗೂ ಅವರು 'ಬಾಯಿ'. ನಾವು ಕನ್ನಡದವರು ಗೌರವ ಕೂಡಿಸಿ ಬಾಯಾರು ಅನ್ನುತ್ತಿದ್ದೆವು.

ನಾನು ಆ ಟ್ರಾನ್ಸ್‌ಪೋರ್ಟ್ ಕಂಪನಿಗೆ ಟೈಪಿಸ್ಟನಾಗಿ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಲಾರಿಗಳ ಪರ್ಮಿಟ್ಟು, ಟ್ಯಾಕ್ಸು, ಆರ್‌ಟಿಓ ಕೆಲಸ ಎಲ್ಲ ಅವರ ಕೈಯಲ್ಲಿ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಮೇ ತಿಂಗಳ ಸುಡುಬಿಸಿಲಿನಲ್ಲೂ ಮಣಿಕಟ್ಟಿನ ತನಕ ತೋಳಿದ್ದ ಕುಬಸ ತೊಟ್ಟು ಬರುತ್ತಿದ್ದರು. "ಶಕಿ ಆಗೂದಿಲ್ಲೇನ್ರಿ ಬಾಯಾರ?" ಅಂತ ಹೊಸದಾಗಿ ಬಂದ ನಾನು ತಿಳಿಯದೆ ಕೇಳಿಬಿಟ್ಟೆ. "ನಿನಗ ಆಗ್ತದಂದ್ರ ನೀ ಅಂಗಿ ತಗೀಯಪಾ" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಅವರ ಖೋಲಿ ಇದ್ದದ್ದು ಯೆರವಡಾ ಜೇಲಿನ ಹಿಂದೆ. ಒಬ್ಬರೇ ಇರುತ್ತೀರಲ್ಲ, ಹೆದರಿಕೆ ಇಲ್ಲವೇ ಅಂತ ಯಾರಾದರೂ ಕೇಳಿದರೆ, "ಯಾಕ ಹೆದರಲಿ? ಕಳ್ಳರೆಲ್ಲಾ ಒಳಗ ಅದಾರ" ಅನ್ನುವರು. ಬೈಯುವುದು ಕನ್ನಡದಲ್ಲಿ, ಪುಸಲಾಯಿಸುವುದು ಮರಾಠಿಯಲ್ಲಿ, ಸುಳ್ಳು ಹೇಳುವುದಿದ್ದರೆ ಹಿಂದಿಯಲ್ಲಿ. "ನನಗ ಹಿಂದಿ ಬರೂದಿಲ್ಲ ನೋಡು, ಅದಕ್ಕ ಪಾಪ ಹತ್ತೂದಿಲ್ಲ."

ಒಮ್ಮೆ ಭೋರ್ ಹತ್ತಿರ ನಮ್ಮ ಲಾರಿಯೊಂದನ್ನು ಆರ್‌ಟಿಓದವರು ತಡೆದು ನಿಲ್ಲಿಸಿದ್ದರು. ಪರ್ಮಿಟ್ಟಿನ ಅವಧಿ ಮುಗಿದಿತ್ತು, ತಪ್ಪು ಪೂರಾ ನಮ್ಮದೇ. ಬಾಯಾರು ಎಸ್‌ಟಿ ಬಸ್ಸು ಹಿಡಿದು ಹೋದರು, ಜತೆಗೆ ನಾನು. ಅಲ್ಲಿಯ ಸಾಹೇಬರು "ಹೊಸ ಪರ್ಮಿಟ್ಟು ತನ್ನಿ, ಆಮೇಲೆ ಮಾತು" ಅಂದರು. ಬಾಯಾರು ಜಗಳ ಆಡಲಿಲ್ಲ. ಭೋರಿನ ಸಂತೆಯಲ್ಲಿ ಒಂದು ಚೀಲ ಹಸಿ ಬಟಾಣಿ ಕೊಂಡು, ಸಾಹೇಬರ ಎದುರಿನ ಬೆಂಚಿನ ಮೇಲೆ ಕೂತು ಸುಲಿಯತೊಡಗಿದರು. "ನೀವು ನಿಮ್ಮ ಕೆಲಸ ಮಾಡ್ರಿ ಸಾಹೇಬ, ನಾ ನನ್ನ ಕೆಲಸ ಮಾಡ್ತೇನಿ. ಹೊಸಾದು ಪುಣೆದಿಂದ ಬರಾಕ ಹತ್ತೇದ." ಸಂಜೆಯ ಹೊತ್ತಿಗೆ ಪರ್ಮಿಟ್ಟೂ ಬಂತು. ಅಷ್ಟರಲ್ಲಿ ಸಾಹೇಬರೂ ಮಾತಾಡುತ್ತ ಮಾತಾಡುತ್ತ ಅರ್ಧ ಬಟಾಣಿ ಸುಲಿದು ಕೊಟ್ಟಿದ್ದರು. ಹೊರಟಾಗ ಅವರ ಮನೆಗೆ ಒಂದು ಪಾಲು ಕಟ್ಟಿ ಕೊಟ್ಟರು ಬಾಯಾರು.

ಇಷ್ಟೆಲ್ಲ ಇದ್ದೂ ಒಂದು ದೊಡ್ಡ ಐಬಿತ್ತು. ಸೂರ್ಯ ಪಶ್ಚಿಮಕ್ಕೆ ಹುಟ್ಟಿದರೂ 'ತಪ್ಪಾಯಿತು' ಎಂಬ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಮುಂಬಯಿಗೆ ಹೋಗಬೇಕಾದ ಲಾರಿಯನ್ನು ಪಂಢರಪುರಕ್ಕೆ ಕಳಿಸಿ, "ಡ್ರೈವರಗ ಪುಣ್ಯೇ ಬಂತಲ್ಲ, ಏನ್ ಹೋತು?" ಅಂದ ಗಟ್ಟಿಗಿತ್ತಿ.

ಇನ್ನು ಹಡಗಿನ ಕಥೆ. ನಮ್ಮ ಮಾಲಕರು ಜಮಖಂಡಿ ಕಡೆಯವರು, ನಿಧಾನದ ಮನುಷ್ಯ. ಅವರಿಗೆ ಒಂದು ಸಲ ಕೊಂಕಣಕ್ಕೆ ಹೋಗಿ ಬಂದ ಮೇಲೆ ಹುಚ್ಚು ಹತ್ತಿತು. "ರಸ್ತೇದಾಗ ಲಾರಿ ಓಡಿಸಿ ಸಾಕಾತು. ನೀರಾಗ ಟ್ರಾಫಿಕ್ಕಿಲ್ಲ, ಟೋಲ್ ನಾಕಾ ಇಲ್ಲ" ಅನ್ನತೊಡಗಿದರು. ಕೊನೆಗೆ ಅರ್ಧ ಲಾರಿಗಳನ್ನು ಮಾರಿ, ಕೊಲ್ಲಿಯ ಬಂದರಿನಲ್ಲಿ ನಿಂತಿದ್ದ ಒಂದು ಹಳೆಯ ಸಣ್ಣ ಸರಕು ಹಡಗನ್ನು ಕೊಂಡೇಬಿಟ್ಟರು. ಮಳೆಗಾಲಕ್ಕೆ ಮುಂಚೆ ಹಡಗು ನಮ್ಮ ದಂಡೆಗೆ ಬಂದು ನಿಲ್ಲಬೇಕು, ಸಾಮಾನು ಸಾಗಿಸುವ ಗುತ್ತಿಗೆ ಆಗ ಮಾತ್ರ ನಮ್ಮದು. ಮಳೆ ಹಿಡಿದರೆ ಅಂಥ ಹಳೆಯ ಹಡಗು ಈ ಸಮುದ್ರ ದಾಟುವ ಹಾಗಿಲ್ಲ. ದಾಟದಿದ್ದರೆ ಗುತ್ತಿಗೆ ಹೋಯಿತು, ಗುತ್ತಿಗೆ ಹೋದರೆ ಅಡ್ಡೆಯ ಬಾಗಿಲು ಹಾಕಿದ ಹಾಗೇ. ಇದು ಮಾಲಕರಿಗೂ ಗೊತ್ತಿತ್ತು, ಲಾರಿ ತೊಳೆಯುವವನಿಗೂ ಗೊತ್ತಿತ್ತು.

ಹಡಗು ತರಬೇಕೆಂದರೆ ತಾತ್ಕಾಲಿಕ ನೋಂದಣಿ ಪತ್ರ ಬೇಕು ಅಂದಾಗ ಬಾಯಾರು ನಕ್ಕರು. "ಟೆಂಪರರಿ ನಂಬರಲ್ಲ? ಹೊಸಾ ಲಾರಿ ಚಾಸಿಗೆ ತಗೋತೇವಲ್ಲ, ಹಂಗಽ. ಕೊಡ್ರಿ ಇಲ್ಲೆ." ಹಂಗೇ ಏನೂ ಇರಲಿಲ್ಲ. ಹಡಗು ಮೊದಲು ಹಳೆಯ ದೇಶದ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಬೇಕು. ಆಮೇಲೆ ಒಬ್ಬ ಸರ್ವೇಯರು ಬಂದು, ಮಾರಾಟದ ಕಾಗದದಲ್ಲಿರುವ ಹಡಗು ಇದೇ ಅಂತ ಕಣ್ಣಾರೆ ನೋಡಿ ಹೇಳಬೇಕು. ಆಗ ಅಲ್ಲಿರುವ ನಮ್ಮ ದೇಶದ ಕಚೇರಿ ತಾತ್ಕಾಲಿಕ ಪತ್ರ ಕೊಡುತ್ತದೆ. ಅದು ಕೈಗೆ ಬಂದರೆ ನಮ್ಮ ಬಾವುಟ ಏರಿಸಿ ಮನೆಗೆ ಹೊರಡಬಹುದು, ಪಕ್ಕಾ ನೋಂದಣಿ ಇಲ್ಲಿಗೆ ಬಂದ ಮೇಲೆ.

ಹೊಸ ಹೆಸರಿಗೆ ಮುಂಬಯಿಯ ಹಡಗು ನೋಂದಣಿ ಕಚೇರಿಯಿಂದ ಒಪ್ಪಿಗೆ ಬೇಕು. ಮಾಲಕರು ತಮ್ಮ ಮನೆದೇವರಿಂದ ಹಿಡಿದು ನೆನಪಿದ್ದ ದೇವರುಗಳ ಹೆಸರೆಲ್ಲ ಬರೆಸಿದರು. ಒಂದೊಂದೂ ಬೇರೆ ಯಾವುದೋ ಹಡಗು ಇಟ್ಟುಕೊಂಡುಬಿಟ್ಟಿತ್ತು. ಕಡೆಗೆ ಬಾಯಾರು ಒಂದು ಹೆಸರು ಹೇಳಿದರು, ನಾನು ಟೈಪು ಮಾಡಿದೆ. "ಯಾವ ದೇವರ್ರೀ ಇದು? ಕೇಳಿಲ್ಲಲ್ಲ" ಅಂದರು ಮಾಲಕರು. "ನಮ್ಮೂರ ಹಳ್ಳದ ದಂಡಿ ಮ್ಯಾಲಿನ ದೇವಿರಿ. ಭಾಳ ಜಾಗೃತ ಅದಾಳ" ಅಂದರು ಬಾಯಾರು. ಆ ಹೆಸರಿನ ಹಡಗು ಎಲ್ಲೂ ಇರಲಿಲ್ಲ. ಒಪ್ಪಿಗೆ ಬಂತು.

ಅನಾಹುತ ಆದದ್ದು ಆಮೇಲೆ. ಹಡಗಿಗೆ ನೇಮಿಸಿದ್ದ ಕಪ್ತಾನರು ಹೊನ್ನಾವರದ ಕಡೆಯವರು, ಆಗಲೇ ಕೊಲ್ಲಿಗೆ ಹೋಗಿ ಹಡಗು ಸೇರಿದ್ದರು. ಅವರಿಗೆ ಬಾಯಾರು ಫೋನಿನಲ್ಲಿ ಅಪ್ಪಣೆ ಕೊಟ್ಟರು: ಅಕ್ಷಯ ತೃತೀಯಾ ದಿವಸ ಹಳೇ ಹೆಸರು ಅಳಿಸಿ ಹೊಸ ಹೆಸರು ಬರೆಸಬೇಕು.

"ಹಾಂಗೆ ಮಾಡೂಕೆ ಆಗೂದಿಲ್ಲ ಅಮ್ಮಾ," ಅಂದರು ಕಪ್ತಾನರು. "ಮೊದ್ಲು ಸರ್ವೇಯರು ಬಂದು ನೋಡ್ಬೇಕು. ಆಮೇಲೆ ಹೆಸರು."

"ಲಾರಿಗೆ ಹೆಸರು ಬರಿಯಾಕ ಯಾರ ಪರವಾನಗಿ ಬೇಕ್ರಿ? ಮೊದಲ ಹಣಿ ಮ್ಯಾಲೆ ಹೆಸರು, ಆಮ್ಯಾಲೆ ಆರ್‌ಟಿಓ. ನಾವು ಹಿಂದಿಂದ ಹಂಗಽ ಮಾಡ್ಕೋತ ಬಂದೇವಿ. ಇಂಥಾ ಮುಹೂರ್ತ ವರ್ಷಕ್ಕ ಒಮ್ಮೆ ಬರ್ತದ. ಬರಸ್ರಿ."

ಮಾಲಕರೂ ಹೂಂ ಅಂದರು. ನಾವೆಲ್ಲ ಲಾರಿ ಮಂದಿ, ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಮ್ಮ ಕಡೆ ಲಾರಿಗೆ ಹೆಸರು ಅಂದರೆ ಶೃಂಗಾರ. ಹಡಗಿಗೆ ಹೆಸರು ಅಂದರೆ ಅದೇ ಗುರುತು ಅಂತ ಅಡ್ಡೆಯಲ್ಲಿ ಯಾರಿಗೆ ಗೊತ್ತಿತ್ತು? ಪಾಪ, ಕಪ್ತಾನರು ಹಳೆಯ ಅಕ್ಷರ ಕೆರೆಸಿ, ಉಜ್ಜಿಸಿ, ಹೊಸ ಬಣ್ಣ ಹೊಡೆಸಿ ಹೆಸರು ಬರೆಸಿದರು. ಇಲ್ಲಿ ಅಡ್ಡೆಯಲ್ಲಿ ಪೇಢಾ ಹಂಚಿದೆವು.

ಪೇಢೆಯ ರುಚಿ ನಾಲಿಗೆಯ ಮೇಲಿದ್ದಾಗಲೇ ಕಪ್ತಾನರ ಫೋನು ಬಂತು. ಸರ್ವೇಯರು ಬಂದಿದ್ದರು. "ಮಾರಿದ ಹಡಗು ಇಲ್ಲಿ ಇಲ್ಲ. ಇಲ್ಲಿರೋ ಹಡಗನ್ನ ಯಾರೂ ಮಾರಿಲ್ಲ" ಅಂತ ಹೇಳಿ ಸಹಿ ಹಾಕದೆ ಇಳಿದು ಹೋಗಿದ್ದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಹಳೆಯ ದೇಶದ ಪಟ್ಟಿಯಿಂದ ಆಗಲೇ ಹೆಸರು ಹೋಗಿತ್ತು, ನಮ್ಮ ದೇಶ ಇನ್ನೂ ಸೇರಿಸಿಕೊಂಡಿರಲಿಲ್ಲ. "ಈಗ ನಮ್ದು ಯಾವ ದೇಶದ ಹಡಗೂ ಅಲ್ಲ ಅಮ್ಮಾ. ಬಾವುಟದ ಕೋಲು ಖಾಲಿ ಉಂಟು" ಅಂದರು ಕಪ್ತಾನರು.

ಬಾಯಾರು ಫೋನಿಟ್ಟು ಕೂತರು. "ಅತ್ತ ತವರಿಲ್ಲ, ಇತ್ತ ಅತ್ತಿಮನಿ ಇಲ್ಲ" ಅಂದರು ಯಾರಿಗೂ ಅಲ್ಲದ ಹಾಗೆ. ಮಾಲಕರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕ್ಯಾಲೆಂಡರಿನ ಜೂನ್ ಹಾಳೆಯನ್ನು ಎತ್ತಿ ನೋಡಿ, ಮತ್ತೆ ಬಿಟ್ಟು, ಹೊರಗೆ ಹೋಗಿ ಲಾರಿಗಳ ನಡುವೆ ನಿಂತರು. ನಾನು ಮುಂದಿನ ಸಂಬಳದ ದಿನ ಎಣಿಸತೊಡಗಿದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರು ನನಗೆ.

ಮರುದಿನ ಬೆಳಗಿನ ರೈಲಿಗೆ ನಾನೂ ಬಾಯಾರೂ ಮುಂಬಯಿಗೆ ಹೋದೆವು. ದಾರಿಯಲ್ಲಿ ಅವರು ಚಹಾ ಕೂಡ ಬೇಡವೆಂದರು. ಅವರು ಚಹಾ ಬೇಡ ಅಂದದ್ದು ನಾನು ಅದೇ ಮೊದಲು ನೋಡಿದ್ದು. ಕಚೇರಿಯಲ್ಲಿ ನಮ್ಮ ಫೈಲು ನೋಡುತ್ತಿದ್ದವರು ವಯಸ್ಸಾದ ಅಧಿಕಾರಿ, ಸಮಾಧಾನದ ಮನುಷ್ಯ. ಮಾತೆಲ್ಲ ನಡೆದದ್ದು ಮರಾಠಿಯಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಾಯಿ, ಹೊಸ ಹೆಸರಿಗೆ ನಮ್ಮದೇನೂ ತಕರಾರಿಲ್ಲ. ಆದರೆ ಅಲ್ಲಿ ನಿಂತದ್ದು ನೀವು ಕೊಂಡ ಹಡಗೇ ಅಂತ ಯಾರು ಹೇಳಬೇಕು? ಗುರುತು ಅಳಿಸಿದವರು ನೀವೇ."

"ತಪ್ಪಾತ್ರಿ ಸಾಹೇಬ," ಅಂದರು ಬಾಯಾರು. "ಮಾಲಕರದಲ್ಲ, ಕಪ್ತಾನರದಲ್ಲ. ನಂದು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಅಧಿಕಾರಿ ಫೈಲು ಮಗುಚಿದರು. "ಒಂದು ದಾರಿ ಇದೆ. ಪ್ರತಿ ಹಡಗಿನ ಒಳಗೆ ದೊಡ್ಡ ತೊಲೆಯ ಮೇಲೆ ಅದರ ನಂಬರು ಕೊರೆದಿರುತ್ತಾರೆ. ಅದು ಹಳೆಯ ಕಾಗದದ ನಂಬರಿಗೆ ತಾಳೆಯಾದರೆ ಸಾಕು, ಸರ್ವೇಯರು ಸಹಿ ಹಾಕುತ್ತಾರೆ. ಆದರೆ ತೊಲೆಯ ಮೇಲೆ ಎಷ್ಟೋ ವರ್ಷದ ಡಾಂಬರು, ಬಣ್ಣ ಕೂತಿದೆ ಅಂತ ಸರ್ವೇಯರು ಫ್ಯಾಕ್ಸಿನಲ್ಲಿ ಬರೆದಿದ್ದಾರೆ. ನಿಮ್ಮ ಕಪ್ತಾನರು ಹುಡುಕಿದರಂತೆ, ಸಿಕ್ಕಿಲ್ಲ. ಸವೆದು ಹೋಗಿರಬಹುದು. ಅದು ಸಿಗದಿದ್ದರೆ ಹಳೆಯ ದೇಶದವರನ್ನೇ ಕರೆಸಿ ಗುರುತು ಹಿಡಿಸಬೇಕು. ಮಳೆಗಾಲ ಮುಗಿದೇ ಹೋಗುತ್ತದೆ."

"ಕೊರದಿರ್ತಾರ ಅಂದ್ರ? ಹಚ್ಚೆ ಹಾಕಿದಂಗೇನು?"

"ಹಾಗೇ ಅಂದುಕೊಳ್ಳಿ."

ಬಾಯಾರು ಎದ್ದು ನಿಂತರು. ಎಡಗೈ ತೋಳಿನ ಗುಂಡಿ ಬಿಚ್ಚಿ, ಕುಬಸದ ತೋಳನ್ನು ಮೊಣಕೈ ತನಕ ಸರಿಸಿ, ಕೈಯನ್ನು ಫೈಲಿನ ಮೇಲೆ ಇಟ್ಟರು. ಒಳತೋಳಿನ ಮೇಲೆ ಹಸಿರು ಹಚ್ಚೆ. ಹೂವಲ್ಲ, ಚುಕ್ಕೆಯಲ್ಲ, ಮರಾಠಿಯವರ ಬಾಳಬೋಧ ಅಕ್ಷರಗಳು. ಸುತ್ತ ಚರ್ಮವೆಲ್ಲ ಉಜ್ಜಿ ಉಜ್ಜಿ ಕಲೆಯಾಗಿತ್ತು.

"ಸಣ್ಣಾಕಿದ್ದಾಗ ನಮ್ಮ ಅಜ್ಜಿ ಪಂಢರಪುರಕ್ಕ ಕರಕೊಂಡು ಹೋಗಿದ್ದಳು. ಗದ್ದಲದಾಗ ಕಳದ್ರ ಗುರುತು ಇರಲಿ ಅಂತ ಹೆಸರು ಹಾಕಿಸಿದಳು. ಮದವಿ ಒಳಗ ಪರಾತದಾಗ ಅಕ್ಕಿ ಹರವಿ ಬ್ಯಾರೆ ಹೆಸರು ಬರದ್ರು. ಈ ಹೆಸರು ಈ ಮನ್ಯಾಗ ಬ್ಯಾಡಂತ ಅತ್ತಿ ಕಲ್ಲು ಹಚ್ಚಿ ತಿಕ್ಕಿಸಿದಳು. ನೆತ್ತರು ಬಂತು, ಹೆಸರು ಹೋಗಲಿಲ್ಲ. ಗಂಡ ತೀರಿದಮ್ಯಾಲೆ ನೌಕರಿ ಹುಡಕ್ಕೋತ ಪುಣೆಕ್ಕ ಬಂದೆ. ಸಾಲಿ ಸರ್ಟಿಫಿಕೇಟಿನ್ಯಾಗಿನ ಹುಡಿಗಿ ನೀ ಅಲ್ಲ ಅಂದ್ರು. ಇದನ್ನ ತೋರಿಸಿ ಮೊದಲನೇ ನೌಕರಿ ಹಿಡದಾಕಿ ನಾನು. ಹಚ್ಚೆ ಹೋಗೂದಿಲ್ಲ ಸಾಹೇಬ. ಮ್ಯಾಲೆ ಏನರ ಬಳೀರಿ, ಏನರ ತಿಕ್ಕ್ರಿ. ಹೋಗೂದಿಲ್ಲ."

ಅಧಿಕಾರಿ ಕೈಯ ಮೇಲಿನ ಅಕ್ಷರ ಓದಿದರು. ಫೈಲಿನಲ್ಲಿದ್ದ ಹಡಗಿನ ಹೊಸ ಹೆಸರು ಓದಿದರು. ಮತ್ತೆ ಕೈ ನೋಡಿದರು. ನಾನೂ ಬಗ್ಗಿ ನೋಡಿದೆ. ಅದೇ ಹೆಸರು. ನಾನೇ ಟೈಪು ಮಾಡಿದ್ದ ಹೆಸರು.

"ಬಾಯಾರ," ಅಂದೆ ಕನ್ನಡದಲ್ಲಿ, "ಇದು ಹಳ್ಳದ ದಂಡಿ ದೇವಿ ಹೆಸರಲ್ಲೇನ್ರಿ?"

"ಹೌದು. ಆ ದೇವಿ ನಾನಽ. ಸುಮ್ಕೂಡು."

ಆ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಕ್ಕುಬಿಟ್ಟರು. "ನಂಬರು ಸಿಕ್ಕ ದಿನವೇ ಸರ್ವೇಯರು ಮತ್ತೆ ಹಡಗು ಹತ್ತುವ ಹಾಗೆ ನಾನು ಬರೆಯುತ್ತೇನೆ. ಸಿಗಬೇಕಷ್ಟೆ, ಬಾಯಿ" ಅಂದರು.

ಹೊರಗೆ ಬಂದವರೇ ಸ್ಟೇಷನ್ನಿನ ಎದುರಿನ ಫೋನ್ ಬೂತಿಗೆ ನುಗ್ಗಿದರು. ಗಾಜಿನ ಬಾಗಿಲು ಹಾಕಿದ್ದರೂ ಅವರ ದನಿ ರಸ್ತೆಗೆಲ್ಲ ಕೇಳುತ್ತಿತ್ತು.

"ಕಪ್ತಾನರ, ತೊಲಿ ಕೆರೀರಿ!"

ಕಪ್ತಾನರು ಆಗಲೇ ಕೆರೆದು ನೋಡಿದ್ದೇವೆ ಅಂದಿರಬೇಕು.

"ಮತ್ತ ಕೆರೀರಿ. ಹೆಣ್ಣಮಗಳ ಮೈಮ್ಯಾಲಿನ ಹಚ್ಚೆರಿ ಅದು, ಎಲ್ಲಿ ಹೋಗ್ತದ? ಕೆಳಗ ಇಲ್ಲಂದ್ರ ಮ್ಯಾಲೆ ನೋಡ್ರಿ, ಮುಂದ ಇಲ್ಲಂದ್ರ ಹಿಂದ ನೋಡ್ರಿ. ಆದ ತಪ್ಪು ನಂದು, ಕೈ ಮುಗೀತೇನಿ, ಕೆರೀರಿ."

ಪುಣೆಗೆ ವಾಪಸು ಬಂದ ಮೇಲೆ ಅಡ್ಡೆಯಲ್ಲಿ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ. ಬಾಯಾರು ಫೋನಿನ ಪಕ್ಕದಿಂದ ಏಳಲಿಲ್ಲ. ಫೋನು ಬಂದದ್ದು ಎರಡನೆಯ ದಿನ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. ಎತ್ತಿಕೊಂಡರು. ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ರಿಸೀವರನ್ನು ನನ್ನ ಕಿವಿಗೆ ಒತ್ತಿದರು.

ಕಪ್ತಾನರ ದನಿ ಏದುಸಿರು ಬಿಡುತ್ತಿತ್ತು. "ಸಿಕ್ತು ಅಮ್ಮಾ! ತೊಲೆಯ ಹಿಂದಿನ ಮಗ್ಗುಲಲ್ಲಿ ಇತ್ತು. ಆ ಸೆಕೆಯಲ್ಲಿ ಎಲ್ಲರೂ ಒಳಗಿಳಿದು ಕೆರೆದ್ರು, ಡಾಂಬರು ಬೆರಳು ದಪ್ಪ ಉಂಟು. ಕೆಳಗೆ ಒಂದೊಂದು ಅಂಕಿನೂ ಹೊಸತರ ಹಾಂಗೆ ಉಂಟು! ಹಳೇ ಕಾಗದದ್ದೇ ನಂಬರು!"

ಸರ್ವೇಯರು ಬಂದರು, ನೋಡಿದರು, ಸಹಿ ಹಾಕಿದರು. ನಮ್ಮ ದೇಶದ ಕಚೇರಿ ತಾತ್ಕಾಲಿಕ ಪತ್ರ ಕೊಟ್ಟಿತು. ಅದರ ಪ್ರತಿ ನಮ್ಮ ಫ್ಯಾಕ್ಸ್ ಮಷೀನಿನಿಂದ ಸುರುಳಿ ಸುತ್ತಿಕೊಂಡು ಹೊರಬರುತ್ತಿದ್ದಾಗ ಅಡ್ಡೆಯ ಮಂದಿಯೆಲ್ಲ ಸುತ್ತ ನೆರೆದಿದ್ದರು. ಬಾಯಾರು ಅದಕ್ಕೆ ಕುಂಕುಮ ಹಚ್ಚಿದರು. ಮಷೀನಿಗೆ ಲಿಂಬೆಕಾಯಿ ಮೆಣಸಿನಕಾಯಿ ಕಟ್ಟಿಸಿದರು. ಮಾಲಕರು ಕಾಗದವನ್ನು ಹಿಂದೆ ಮುಂದೆ ತಿರುವಿ, "ಟೆಂಪರರಿ ಅಂತ ಅದಲ್ರೀ ಬಾಯಾರ" ಅಂದರು.

"ಇರಲೇಳ್ರಿ. ನಾವೇನು ಪರ್ಮನೆಂಟ್ ಅದೇವೇನು?"

ಮಾಲಕರು ನಕ್ಕರು. ಎಷ್ಟು ದಿನದ ಮೇಲೆ! ಅದನ್ನೇ ಕಾಯುತ್ತಿದ್ದವರಂತೆ ಡ್ರೈವರುಗಳು ಓಡಿಹೋಗಿ ತಮ್ಮ ತಮ್ಮ ಲಾರಿ ಹತ್ತಿ ಹಾರ್ನು ಒತ್ತಿ ಹಿಡಿದರು. ಸಮುದ್ರವಿಲ್ಲದ ಊರಿನಲ್ಲಿ ಹಡಗು ಹೊರಟ ಸದ್ದು ಆಯಿತು ನೋಡಿ! ಪಕ್ಕದ ಕಾರ್ಖಾನೆಯ ಮಂದಿ ಏನೋ ಬೆಂಕಿ ಬಿತ್ತೆಂದು ಹೊರಗೆ ಓಡಿಬಂದರು. ಬಾಯಾರು ಅವರಿಗೂ ಪೇಢಾ ಕೊಟ್ಟರು.

ಹಡಗು ಬರುವ ದಿನ ಎರಡು ಲಾರಿ ತುಂಬ ಜನ ಘಟ್ಟ ಇಳಿದು ಕೊಂಕಣದ ಬಂದರಿಗೆ ಹೋದೆವು. ಬಾಯಾರು ಕ್ಯಾಬಿನ್ನಿನಲ್ಲಿ, ಮಡಿಲಲ್ಲಿ ಹಡಗಿಗೆ ಉಡಿ ತುಂಬುವ ಸಾಮಾನು: ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ. ಬಂದರಿನಲ್ಲಿ ಇಳಿದವರು ಅದನ್ನು ಮಾಲಕರ ಹೆಂಡತಿಯ ಕೈಗೆ ಕೊಡಹೋದರು. ಗಂಡ ಇಲ್ಲದವರು ಉಡಿ ತುಂಬಬಾರದು ಅಂತ ನಮ್ಮ ಕಡೆ ಪದ್ಧತಿ. ಆ ತಾಯಿ ಕೈ ಚಾಚಲಿಲ್ಲ. ಹಡಗಿನ ಹೆಸರಿನ ಗುಟ್ಟು ಅಷ್ಟರಲ್ಲಿ ಅಡ್ಡೆಗೆಲ್ಲ ಗೊತ್ತಾಗಿತ್ತು. "ಮಗಳು ನಿಮ್ಮಾಕಿ, ನೀವಽ ತುಂಬ್ರಿ" ಅಂದರು. ಬಾಯಾರು ಸಾಮಾನನ್ನು ಮತ್ತೆ ಮಡಿಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ಸಮುದ್ರವನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಭಾಳ ಅದಲ್ಲೋ" ಅಂದರು ನನಗೆ. ಪಶ್ಚಿಮಕ್ಕೆ ಮೋಡ ಕಪ್ಪಗೆ ಕಟ್ಟುತ್ತಿತ್ತು, ಗಾಳಿ ಎದ್ದಿತ್ತು. ಆ ಕಪ್ಪಿನ ಕೆಳಗಿನಿಂದ ನಮ್ಮ ಹಡಗು ಬಂತು. ಸಣ್ಣದು, ಹಳೆಯದು, ಕೋಲಿನ ಮೇಲೆ ನಮ್ಮ ಬಾವುಟ.

ಹಗ್ಗ ಎಸೆಯಲು ಹೇಳುವುದಕ್ಕೆ ಬಂದರಿನ ಮನುಷ್ಯನೊಬ್ಬ ದನಿ ದೊಡ್ಡದು ಮಾಡುವ ಭೋಂಗಾ ಬಾಯಿಗಿಟ್ಟು ಹಡಗಿನ ಹೆಸರು ಹಿಡಿದು ಜೋರಾಗಿ ಕೂಗಿದ.

"ಓ! ಬಂದೇ!" ಅಂತ ಬಾಯಾರು ದಿಗ್ಗನೆ ಎದ್ದು ನಿಂತರು.

ಕೊಬ್ಬರಿ ಬಟ್ಟಲು ಉರುಳಿ ಹೋಯಿತು. ಡ್ರೈವರುಗಳೆಲ್ಲ ಗೊಳ್ಳೆಂದು ನಕ್ಕರು. ಬಾಯಾರೂ ನಕ್ಕರು, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮದವಿ ಆದಾಗಿಂದ ಯಾರೂ ಕರದಿದ್ದಿಲ್ಲೋ ತಮ್ಮಾ" ಅಂದರು. "ಇನ್ನ ಆ ಹೆಸರು ಆಕಿದು. ನನಗ ಬಾಯಿ ಅಂದ್ರ ಸಾಕು, ಎಲ್ಲೂ ಬರೀಬ್ಯಾಡ ಮತ್ತ." ಹೂಂ ಅಂದೆ. ಹಡಗು ನಿಧಾನಕ್ಕೆ ಕಟ್ಟೆಗೆ ಒತ್ತರಿಸುತ್ತಿತ್ತು. ಬಾಯಾರು ನನ್ನ ರಟ್ಟೆ ಹಿಡಿದು ಆ ಭೋಂಗಾದವನ ಕಡೆ ನೂಕಿದರು.

"ಹೋಗು, ಇನ್ನೊಮ್ಮೆ ಕರೀ ಅಂತ ಹೇಳಂವಗ."

ನಾನು ಓಡಿದೆ. ಅವನು ಕೂಗಿದ.